ಒಪ್ಪದೆಯೂ ಬಸ್ಸು ಹತ್ತಿದ ದೊಡ್ಡಮ್ಮ

ಸಮಾಧಿಯ ಮುಂದೆ ನಿಂತು ನಮ್ಮ ಪಾದ್ರಿಗಳು "ಅವರು ಶಾಂತಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದಾಗ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದಲ್ಲಿದ್ದವರು ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು. ಅಳುವೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊತ್ತಿಗೆ ನುಗ್ಗಿ ಬಂದದ್ದು ನಗು. ಶಾಂತಸ್ವಭಾವವಂತೆ! ಚಳ್ಳಕೆರೆಯ ನಮ್ಮ ಚರ್ಚಿನಲ್ಲಿ ಆಕೆಯ ಬಾಯಿಗೆ ಸಿಕ್ಕಿ ಹಣ್ಣಾಗದವರು ಯಾರಿದ್ದಾರೆ? ಇದೇ ಪಾದ್ರಿಗಳು ಬಂದ ಹೊಸದರಲ್ಲಿ ಉದ್ದುದ್ದ ಪ್ರಸಂಗ ಮಾಡಿದ್ದಕ್ಕೆ, "ಅಯ್ಯನೋರೇ, ಮೋಶೆ ನಲವತ್ತು ವರ್ಷ ಜನಾನ ಕಾಡಾಗೆ ತಿರುಗಿಸಿದ್ದು ಸಾಲ್ದು ಅಂತ ನೀವೂ ತಿರುಗಿಸ್ತೀರಾ?" ಎಂದು ಬಾಗಿಲಲ್ಲೇ ಕೇಳಿದ್ದರು. ಪಾಪ, ಅವರು ಅದನ್ನು ಮರೆತಿರಬೇಕು. ಇಲ್ಲವೇ ಸತ್ತವರ ಬಗ್ಗೆ ಹಾಗೆಯೇ ಹೇಳಬೇಕೆಂದು ಎಲ್ಲೋ ಕಲಿತಿರಬೇಕು.

ನಾವೆಲ್ಲ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆವು. ಯಾರಿಗೂ ಅವರು ನಿಜವಾದ ದೊಡ್ಡಮ್ಮ ಆಗಿರಲಿಲ್ಲ, ಸಲೋಮಿಯೊಬ್ಬಳಿಗೆ ಬಿಟ್ಟು. ಸಲೋಮಿ ಅವರ ತಂಗಿಯ ಮಗಳು. ಕೊಂಡ್ಲಹಳ್ಳಿಯಲ್ಲಿದ್ದ ಆ ತಂಗಿ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ, ನಡೆಯಲು ಕಲಿಯುತ್ತಿದ್ದ ಮಗುವನ್ನು ಸೊಂಟಕ್ಕೇರಿಸಿಕೊಂಡು ತಂದರು. ಆಗ ಅವರು ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದರು. ಮದುವೆಯಾಗಿರಲಿಲ್ಲ. ಮಗು "ದೊಡ್ಡಮ್ಮ, ದೊಡ್ಡಮ್ಮ" ಎಂದು ಹಿಂದೆ ಹಿಂದೆ ತಿರುಗಿ ತಿರುಗಿ ಹಾಸ್ಟೆಲಿನ ಹುಡುಗಿಯರೂ ಹಾಗೇ ಕರೆದರು, ಆಮೇಲೆ ಚರ್ಚಿನವರು, ಆಮೇಲೆ ತರಕಾರಿ ಮಾರುವ ಸಾಬರು ಸಹ. ಹಾಸ್ಟೆಲು ಮುಚ್ಚಿದ ಮೇಲೆ ಎಣ್ಣೆ ಮಿಲ್ಲುಗಳ ಹಿಂದಿನ ನಮ್ಮ ಬೀದಿಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ನಮ್ಮದು ಎದುರು ಮನೆ. ನಾನು ಸರ್ಕಾರಿ ಶಾಲೆಯ ಟೀಚರು. ದಿನವೂ ನೂರು ಮಕ್ಕಳನ್ನು ಗದರುವವಳು. ಅವರ ಮುಂದೆ ಮಾತ್ರ ನಾನೇ ಎರಡನೇ ಕ್ಲಾಸಿನವಳಾಗುತ್ತಿದ್ದೆ.

ದೊಡ್ಡ ಎಲುಬಿನ ಮೈ. ಸಣ್ಣ ಅಂಚಿನ ಹತ್ತಿ ಸೀರೆ. ಕನ್ನಡಕದ ಒಂದು ಕಡ್ಡಿ ಮುರಿದು ಹೋಗಿ ಅದರ ಬದಲಿಗೆ ದಾರ. ಅವರಿಗೊಂದು ಅಭ್ಯಾಸವಿತ್ತು. ಬೈಯುವಾಗ ಬೈಸಿಕೊಳ್ಳುವವರ ಕೈ ಹಿಡಿದುಕೊಂಡು ಬೈಯುತ್ತಿದ್ದರು. ಮಣಿಕಟ್ಟು ಹಿಡಿದು, ನಾಡಿ ನೋಡುವವರ ಹಾಗೆ. ಯಾಕೆ ದೊಡ್ಡಮ್ಮ ಹಾಗೆ ಹಿಡಿಯುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಬಿಟ್ಟರೆ ಓಡಿ ಹೋಗುತ್ತಾರೆ, ಅರ್ಧ ಬೈಸಿಕೊಂಡು ಹೋದವರು ತಿರುಗಿ ಬರುವುದಿಲ್ಲ, ಪೂರ್ತಿ ಬೈಸಿಕೊಂಡವರು ಊಟಕ್ಕೆ ಕೂರುತ್ತಾರೆ ಎಂದರು. ಅದು ನಿಜವೂ ಹೌದು. ಅವರ ಮನೆಯಲ್ಲಿ ಬೈಸಿಕೊಂಡು ಉಣ್ಣದೆ ಎದ್ದು ಬಂದದ್ದು ನನಗೆ ನೆನಪಿಲ್ಲ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಆರಾಧನೆಯಲ್ಲಿ ಹುಡುಗ ಹುಡುಗಿಯ ಹೆಸರನ್ನು ಗಟ್ಟಿಯಾಗಿ ಓದಿ, ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಿ ಎಂದು ಕೇಳುವ ಪದ್ಧತಿಯಿದೆ. ಮೊದಲ ಭಾನುವಾರ ಹೆಸರು ಓದಿದ ಮಧ್ಯಾಹ್ನವೇ ಹುಡುಗಿಯನ್ನು ದೊಡ್ಡಮ್ಮನ ಮನೆಗೆ ಕಳಿಸುತ್ತಿದ್ದರು, ಬುದ್ಧಿ ಹೇಳಿಸಿಕೊಂಡು ಬರಲಿ ಎಂದು. ದೊಡ್ಡಮ್ಮ ಬುದ್ಧಿ ಹೇಳುತ್ತಿರಲಿಲ್ಲ. ಒಂದು ಮೊರ ಶೇಂಗಾಕಾಯಿ ಮುಂದಿಟ್ಟು ಸುಲಿ ಅನ್ನುತ್ತಿದ್ದರು. ಸುಲಿಯುತ್ತ ಕೂತವಳಿಗೆ ನಡುನಡುವೆ ಪ್ರಶ್ನೆ. ಆ ಹುಡುಗನಿಗೆ ಸಿಟ್ಟು ಬಂದರೆ ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ಹೋಟೆಲಿನಲ್ಲಿ ತಟ್ಟೆ ಎತ್ತುವವನನ್ನು ಹೇಗೆ ಮಾತಾಡಿಸುತ್ತಾನೆ? ಅವರವ್ವ ನಕ್ಕಿದ್ದನ್ನು ನೋಡಿದ್ದೀಯಾ? ನನ್ನನ್ನೂ ಹೀಗೇ ಕೂರಿಸಿದ್ದರು. ಉತ್ತರ ಹೇಳುತ್ತ ಹೇಳುತ್ತ ಅಳು ಬಂದು ಮೊರ ಬಿಟ್ಟು ಎದ್ದ ಹುಡುಗಿಯರೂ ಇದ್ದಾರೆ. ಅಂಥವರ ಎರಡನೇ ಪ್ರಕಟಣೆ ಓದುತ್ತಿರಲಿಲ್ಲ.

ಪರಶುರಾಂಪುರದ ಕಡೆ ನಮ್ಮ ಸಭೆಗೆ ಸೇರಿದ ಒಂದು ಕುರಿ ಸಾಕುವ ಮನೆತನದಲ್ಲಿ ಹೈಸ್ಕೂಲು ಮುಗಿಸದ ಹುಡುಗಿಗೆ ಗುಟ್ಟಾಗಿ ಮದುವೆ ಗೊತ್ತಾಗಿತ್ತು. ಸುದ್ದಿ ಬಂದಾಗ ಫೋನ್ ಮಾಡಿ ತಿಳಿಸಿದರೆ ಅಧಿಕಾರಿಗಳು ಬಂದು ನಿಲ್ಲಿಸುತ್ತಾರೆ ಎಂದು ನಾನೇ ಹೇಳಿದೆ. ಮಾಡು, ಬೇಡ ಅನ್ನುವುದಿಲ್ಲ, ಆದರೆ ನಾನು ಮೊದಲು ಹೋಗಿ ಬರುತ್ತೇನೆ ಎಂದು ದೊಡ್ಡಮ್ಮ ಬಸ್ಸು ಹತ್ತಿದರು. ಮದುವೆ ನಿಂತ ಮೇಲೆ ಆ ಅಪ್ಪನ ಮುಖ ನೋಡಬೇಕಾದವರು ಅಧಿಕಾರಿಗಳಲ್ಲ, ತಾವು ಎಂಬುದು ಅವರ ಲೆಕ್ಕ. ಆ ಮನೆಯ ಅಂಗಳದಲ್ಲಿ ಕುರಿಗಳ ಮಧ್ಯೆ ಕೂತು, ಹುಡುಗಿಯ ಅಪ್ಪನ ಕೈ ಹಿಡಿದುಕೊಂಡು ಸಂಜೆಯ ತನಕ ಬೈದರು. ಅವನೂ ಬೈದ. ಕೊನೆಗೆ ಹುಡುಗಿ ಅವರ ಜೊತೆ ಚಳ್ಳಕೆರೆಗೆ ಬಂದಳು, ಅವರ ಮನೆಯಲ್ಲೇ ಇದ್ದು ಓದಿದಳು. ಅಪ್ಪ ಬಹಳ ಕಾಲ ಮಾತು ಬಿಟ್ಟಿದ್ದ. ಇವರು ಬಿಡಲಿಲ್ಲ. ಅವನ ಕುರಿಗಳಿಗೆ ರೋಗ ಬಂದಾಗ ಹೋಗಿ ಕೂತು ಬಂದರು, ಹಬ್ಬಕ್ಕೆ ಹೋಗಿ ಬಂದರು. ಹೆಣ್ಣಿನ ಮದುವೆ ವಯಸ್ಸನ್ನು ಇಪ್ಪತ್ತೊಂದು ಮಾಡುತ್ತಾರಂತೆ ಎಂದು ಈಚೆಗೆ ಪೇಪರಿನಲ್ಲಿ ಬಂದಾಗ, ಮಾಡಲಿ ಬಿಡು, ನನಗೆ ಎಪ್ಪತ್ತು ದಾಟಿದರೂ ಮದುವೆಯಾಗುವ ಬುದ್ಧಿ ಬಂದಿಲ್ಲ ಎಂದು ನಕ್ಕಿದ್ದರು.

ಇಷ್ಟು ಕೇಳಿ ಅವರು ಹೊಸ ಕಾಲದ ಹೆಂಗಸು ಅಂದುಕೊಂಡರೆ ತಪ್ಪಾಗುತ್ತದೆ. ವೇದದಲ್ಲಿ, ಬೈಬಲಿಗೆ ನಾವು ಹಾಗನ್ನುತ್ತೇವೆ, ಬರೆದದ್ದು ಬರೆದದ್ದೇ. ದೇವರು ಕೂಡಿಸಿದ್ದನ್ನು ಮನುಷ್ಯ ಅಗಲಿಸಬಾರದು ಎಂದರೆ ಅಗಲಿಸಬಾರದು. ಹಾಗೆ ನಂಬಿದ್ದವರೇ, ಗಂಡನ ಹೊಡೆತ ತಾಳದೆ ಕೋರ್ಟಿಗೆ ಹೋಗಿ ಬಿಡುಗಡೆ ಪಡೆದ ನಮ್ಮ ಟೈಲರ್ ಹುಡುಗಿಯನ್ನು ಸಭೆಯ ಕೆಲವು ಹಿರಿಯರು ಹಾಡುವ ಗುಂಪಿನಿಂದ ಕೈಬಿಡಬೇಕು ಎಂದಾಗ ಎದ್ದು ನಿಂತರು. ಕ್ರೈಸ್ತರಿಗೆ ಈಗ ಡೈವೋರ್ಸ್ ಸುಲಭ ಮಾಡಿಬಿಟ್ಟಿದ್ದಾರೆ, ಅದಕ್ಕೇ ಹೀಗೆ ಎಂದು ಯಾರೋ ಗೊಣಗುತ್ತಿದ್ದರು. "ನಂಗೂ ಡೈವೋರ್ಸ್ ಅಂದ್ರೆ ಆಗಲ್ಲ" ಎಂದರು ದೊಡ್ಡಮ್ಮ. "ಕಾನೂನು ಬಾಗ್ಲು ತೆಗೀತು, ಹುಡುಗಿ ಜೀವಂತ ಹೊರಗೆ ಬಂದ್ಲು. ಬಂದೋಳ್ನ ಬಿಸಿಲಾಗೆ ನಿಲ್ಸಾದು ಯಾವ ಸುವಾರ್ತೆ?" ಆ ಹುಡುಗಿ ಈಗಲೂ ಹಾಡುತ್ತಾಳೆ, ಸ್ವಲ್ಪ ಶ್ರುತಿ ತಪ್ಪುತ್ತಾಳೆ ಅಷ್ಟೆ.

ಆದರೆ ಇವೆಲ್ಲ ಬೇರೆಯವರ ಮನೆಯ ವಿಷಯ. ಬೇರೆಯವರ ಮನೆಯ ಬಿಸಿಲಿಗೆ ಕೊಡೆ ಹಿಡಿಯುವುದು ಅಷ್ಟು ಕಷ್ಟವಲ್ಲ. ಅವರ ಸ್ವಂತ ಹೊಟ್ಟೆಗೆ ಬೆಂಕಿ ಬಿದ್ದದ್ದು ಸಲೋಮಿಯಿಂದ.

ಸಲೋಮಿ ನರ್ಸಿಂಗ್ ಓದಿ ಮೊಳಕಾಲ್ಮುರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಪದ್ಮ ಎಂಬವಳ ಜೊತೆ ಒಂದು ಮನೆ ಮಾಡಿಕೊಂಡಿದ್ದಳು. ಪದ್ಮ ರೇಷ್ಮೆ ಸೀರೆ ನೇಯುವ ಮನೆತನದವಳು, ಮನೆಮಾತು ತೆಲುಗು, ಮಗ್ಗದ ಮುಂದೆ ಕೂತರೆ ಊಟದ ನೆನಪಿಲ್ಲ. ಗೆಳತಿಯರು, ಬಾಡಿಗೆ ಹಂಚಿಕೊಂಡಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು. ಇಬ್ಬರೂ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಪದ್ಮ ದೊಡ್ಡಮ್ಮನನ್ನು ತಮ್ಮ ಭಾಷೆಯಲ್ಲಿ ಪೆದ್ದಮ್ಮ ಅನ್ನುವಳು. ನಾನೇನು ಪೆದ್ದಿಯಾ ಎಂದು ಇವರು ರೇಗಿಸುವರು. ಸಲೋಮಿಗೆ ನಾನು ತಂದ ಗಂಡುಗಳೇ ನಾಲ್ಕಾರು. ಒಬ್ಬನನ್ನೂ ಅವಳು ಒಪ್ಪಲಿಲ್ಲ.

ಗಂಡಸು ಗಂಡಸು, ಹೆಂಗಸು ಹೆಂಗಸು ಮದುವೆಯಾಗುವುದಕ್ಕೆ ಕಾನೂನು ಬೇಕು ಎಂದು ದೆಹಲಿಯ ದೊಡ್ಡ ಕೋರ್ಟಿಗೆ ಕೆಲವರು ಹೋದ ಸುದ್ದಿ ಟಿವಿಯಲ್ಲಿ ಬರುತ್ತಿದ್ದ ಕಾಲ. ಒಂದು ಭಾನುವಾರ ನಾನು ಹುಣಸೆಹಣ್ಣು ಕೊಡಲು ಹೋದವಳು ಅವರ ಮನೆಯಲ್ಲೇ ಮಾತಾಡುತ್ತ ಕೂತಿದ್ದೆ. ಸಲೋಮಿ ಒಬ್ಬಳೇ ಬಂದಿದ್ದಳು. ದೊಡ್ಡಮ್ಮ ಯಾವುದೋ ಹೊಸ ಗಂಡಿನ ಮಾತು ತೆಗೆದರು. ಸಲೋಮಿ ನನ್ನ ಮುಂದೆಯೇ ಹೇಳಿಬಿಟ್ಟಳು. ಕಾನೂನು ಬಂದರೆ ತಾನೂ ಪದ್ಮಳೂ ರಿಜಿಸ್ಟರ್ ಆಗುತ್ತೇವೆ, ಬಾರದಿದ್ದರೂ ಹೀಗೇ ಇರುತ್ತೇವೆ, ಇನ್ನು ಗಂಡು ಹುಡುಕಬೇಡಿ ಎಂದಳು.

ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದುಕೊಂಡರು. ಆದರೆ ಬೈಯಲಿಲ್ಲ. ಅಷ್ಟು ಜನರನ್ನು ಬೈದ ಬಾಯಿ. ಹೇಳಿದ್ದು ಇಷ್ಟು: "ದೇವರು ಬರೆದಿದ್ದನ್ನ ನಾನು ತಿದ್ದಾಕಾಗಲ್ಲ ಸಲೋಮಿ. ನಿನಗೋಸ್ಕರಾನೂ ಆಗಲ್ಲ."

"ತಿದ್ದು ಅಂತ ನಾನು ಕೇಳ್ಲಿಲ್ಲ ದೊಡ್ಡಮ್ಮ. ಹೇಳ್ದೆ, ಅಷ್ಟೆ" ಎಂದು ಸಲೋಮಿ ಕೈ ಬಿಡಿಸಿಕೊಂಡಳು. ದೊಡ್ಡಮ್ಮನ ಹಿಡಿತದಿಂದ ಕೈ ಬಿಡಿಸಿಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು. ತಟ್ಟೆಗೆ ಬಡಿಸಿದ್ದ ಊಟ ಹಾಗೇ ಉಳಿಯಿತು. ಆ ಕ್ರಿಸ್ಮಸ್ಸಿಗೆ ಅವಳು ಬರಲಿಲ್ಲ. ಈಸ್ಟರಿಗೂ ಬರಲಿಲ್ಲ. ಫೋನು ಮಾಡುತ್ತಿದ್ದಳು, ಬಿಪಿ ಮಾತ್ರೆ ನುಂಗಿದೆಯಾ ಎಂದು ಕೇಳಿ ಇಟ್ಟುಬಿಡುವಳು. ದೊಡ್ಡಮ್ಮ ಬೈಯುವುದನ್ನು ಕಡಿಮೆ ಮಾಡಿದರು. ಬೀದಿಗೆ ಬೀದಿಯೇ ಬಿಕೋ ಅನ್ನಿಸಿತು.

ವಿಷಯ ಚರ್ಚಿಗೆ ತಿಳಿಯದೆ ಇರುತ್ತದೆಯೇ. ನಾನು ಹೇಳಲಿಲ್ಲ, ಆಣೆ ಬೇಕಾದರೂ ಮಾಡುತ್ತೇನೆ. ಹೇಗೋ ತಿಳಿಯಿತು. ಕೋರ್ಟಿನಲ್ಲಿ ವಾದ ನಡೆಯುತ್ತಿದ್ದಾಗ ನಮ್ಮ ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ, ಅಂಥ ಕಾನೂನು ಬಾರದಿರಲಿ ಎಂದು ವಿಶೇಷವಾಗಿ ಬೇಡಿಕೊಳ್ಳಬೇಕೆಂದು ಹಿರಿಯರು ತೀರ್ಮಾನಿಸಿದರು. ಪ್ರಾರ್ಥನೆ ನಡೆಸಲು ಮಹಿಳಾ ಸಂಘದ ಅಧ್ಯಕ್ಷೆ ಎಂದು ದೊಡ್ಡಮ್ಮನನ್ನೇ ಕೇಳಿದರು. ಕೇಳಿದವರು ನಮ್ಮ ಸಭೆಯ ಖಜಾಂಚಿ. ಕೆಟ್ಟವರಲ್ಲ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಆಟೋ ತರುವವರು ಅವರೇ. ಆದರೆ ದೊಡ್ಡಮ್ಮನೇ ಮಾಡಿದರೆ ಎಲ್ಲರಿಗೂ ಸಮಾಧಾನವಾಗುತ್ತದೆ ಎಂಬ ಯೋಚನೆ ಅವರ ತಲೆಯಲ್ಲಿತ್ತು. ಎಲ್ಲರೂ ತಲೆ ತಗ್ಗಿಸಿ, ಒಂದು ಕಣ್ಣು ತೆರೆದು ಕಾಯುತ್ತಿದ್ದರು. ನಾನೂ.

ದೊಡ್ಡಮ್ಮ ಕಣ್ಣು ಮುಚ್ಚಿದರು. "ಕರ್ತನೇ, ಕಾನೂನು ನಿನಗೆ ಗೊತ್ತು, ನಂಗೆ ಗೊತ್ತಾಗಲ್ಲ. ನಂಗೆ ಗೊತ್ತಿರಾದು ಒಬ್ಳು ಹುಡುಗಿ. ಈ ಹೊತ್ತು ಉಂಡ್ಳೋ ಇಲ್ವೋ ನೋಡು. ಅವಳ ಜೊತೆಗಿರೋ ಪದ್ಮಾನೂ ನೋಡು. ಆಮೆನ್."

ಅಷ್ಟೇ. ಹತ್ತಿರದ ಮನೆಯವರ ಕುಕ್ಕರು ಕೂಗಿತು. ಆಮೇಲೆ ಉಪ್ಪಿಟ್ಟು ಬಂತು, ಎಲ್ಲರೂ ಉಪ್ಪಿಟ್ಟಿನ ಬಗ್ಗೆ ಮಾತಾಡಿದೆವು.

ತೀರ್ಪು ಬಂದದ್ದು ದಸರಾ ರಜೆಯಲ್ಲಿ. ಹೀಗಾಗಿ ನಾನು ಮನೆಯಲ್ಲಿದ್ದೆ. ಅಂಥ ಮದುವೆಯ ಹಕ್ಕು ಕೊಡುವುದು ಕೋರ್ಟಿನ ಕೈಯಲ್ಲಿಲ್ಲ, ಕಾನೂನು ಮಾಡುವವರು ನೋಡಿಕೊಳ್ಳಬೇಕು ಎಂದು ಟಿವಿಯಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಖಜಾಂಚಿ ಸ್ಕೂಟರಿನಲ್ಲಿ ಬಂದರು, ಕೈಯಲ್ಲಿ ಪೇಡಾ ಡಬ್ಬಿ. ನಮ್ಮ ಪ್ರಾರ್ಥನೆ ಕೇಳಿತು ದೊಡ್ಡಮ್ಮ, ಇನ್ನು ನಿಮ್ಮ ಹುಡುಗಿಯೂ ದಾರಿಗೆ ಬರುತ್ತಾಳೆ ಎಂದು ಒಂದು ಪೇಡಾ ಅವರ ಕೈಗಿಟ್ಟರು. ಅವರ ಮುಖದಲ್ಲಿ ಕುಹಕವಿರಲಿಲ್ಲ, ನಿಜವಾಗಿ ಸಂತೋಷಪಟ್ಟಿದ್ದರು. ದೊಡ್ಡಮ್ಮ ಪೇಡಾ ಹಿಡಿದು ನಿಂತೇ ಇದ್ದರು. ಖಜಾಂಚಿ ಹೋದ ಮೇಲೆ ಅದನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಬೇಳೆ ತೊಳೆಯತೊಡಗಿದರು.

ಏನು ಮಾಡುತ್ತಿದ್ದೀರಿ ಎಂದೆ. ಅನ್ನ, ಸಾರು ಎಂದರು. ಸಾರು ಕುದಿಯಿತು, ಇಳಿಸಿದರು. ಒಗ್ಗರಣೆ ಹಾಕಲಿಲ್ಲ. ಸೌಟು ಕೈಗೆತ್ತಿಕೊಂಡ ನನ್ನನ್ನೂ ತಡೆದರು. ಆಗ ನನಗೆ ಹೊಳೆಯಿತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ಅನ್ನ ಸಾರು ಮಾಡಿಕೊಂಡು ಹೋಗುತ್ತಾರೆ. ಆ ಸಾರಿಗೆ ಒಗ್ಗರಣೆ ಹಾಕುವಂತಿಲ್ಲ. ಚರ್ಚಿಗೆ ಬಂದು ಎಷ್ಟು ತಲೆಮಾರಾದರೂ ನಮ್ಮ ಕಡೆ ಇದನ್ನು ಯಾರೂ ಬಿಟ್ಟಿಲ್ಲ.

"ದೊಡ್ಡಮ್ಮ, ನೀವು ಆ ಮದ್ವೆ ಒಪ್ಪಲ್ಲ. ಆಗ್ಲಿಲ್ಲ ಅಂದ್ರೆ ನಿಮಗೆ ಸಮಾಧಾನ ಆಗ್ಬೇಕಲ್ವಾ?" ಎಂದೆ. ಕೇಳದೆ ಇರಲಾಗಲಿಲ್ಲ.

"ಸತ್ತೋರು ಒಳ್ಳೇರೋ ಕೆಟ್ಟೋರೋ ಅಂತ ಕೇಳ್ಕೊಂಡು ಊಟ ತಗೊಂಡು ಹೋಗ್ತಾರೇನೇ?" ಎಂದರು. "ಆ ಮನೇಲಿ ಇವತ್ತು ಒಲೆ ಹಚ್ಚಿರಲ್ಲ. ಬರ್ತೀಯೇನು, ಇಲ್ಲಾ ನಾನೊಬ್ಳೇ ಹೋಗ್ಲಾ?"

ಹೋದೆವು. ಖಾಸಗಿ ಬಸ್ಸು, ಹಾಡು ಕಿವಿ ಹರಿಯುವಂತೆ. ತಳಕು ದಾಟಿದ ಮೇಲೆ ಕಿಟಕಿಯಾಚೆ ಕಿತ್ತು ಗುಡ್ಡೆ ಹಾಕಿದ ಶೇಂಗಾ ಬಳ್ಳಿ. ಕ್ಯಾರಿಯರ್ ತೊಡೆಯ ಮೇಲೆ, ಸಾರು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಸಲೋಮಿ ಬಾಗಿಲು ತೆಗೆಯದಿದ್ದರೆ ಏನು ಮಾಡುವುದು ಎಂದು ಒಮ್ಮೆ ಕೇಳಿದರು. ತೆಗೆಯುತ್ತಾಳೆ ಎಂದೆ. ನನಗೂ ಗೊತ್ತಿರಲಿಲ್ಲ.

ಬಾಗಿಲು ತೆಗೆದವಳು ಪದ್ಮ. ಕಣ್ಣು ಊದಿದ್ದವು. ನಮ್ಮನ್ನು ನೋಡಿ ಗಾಬರಿಯಾಗಿ ಒಳಗೆ ಕರೆದಳು. ಸಲೋಮಿ ಗೋಡೆಗೆ ಒರಗಿ ಕೂತಿದ್ದವಳು ಏಳಲಿಲ್ಲ. ದೊಡ್ಡಮ್ಮ ಯಾರ ಮುಖವನ್ನೂ ನೋಡದೆ ಅಡಿಗೆಮನೆಗೇ ಹೋಗಿ ಕ್ಯಾರಿಯರ್ ಬಿಚ್ಚಿದರು. ಅಲ್ಲಿ ನೋಡಿದರೆ ಒಲೆಯ ಪಕ್ಕ ಹೋಳಿಗೆ. ಒಂದರ ಮೇಲೊಂದು ಬಟ್ಟೆ ಮುಚ್ಚಿಟ್ಟ ಹೋಳಿಗೆ. ತೀರ್ಪು ತಮ್ಮ ಕಡೆಗೇ ಆಗುತ್ತದೆ ಎಂದು ಪದ್ಮ ಬೆಳಗ್ಗೆ ಬೇಗ ಎದ್ದು ಮಾಡಿಟ್ಟಿದ್ದಳು. ಒಬ್ಬರೂ ಮುಟ್ಟಿರಲಿಲ್ಲ.

ಪದ್ಮ ಸಾರಿನ ಡಬ್ಬಿಗೆ ಬಗ್ಗಿ ನೋಡಿದಳು, ತಿರುಗಿಸಿ ನೋಡಿದಳು. ಸಾಸಿವೆ ಇಲ್ಲ, ಕರಿಬೇವು ಇಲ್ಲ. ಅವಳ ಮುಖ ಕೆಂಪಾಯಿತು. ಹಬ್ಬದ ದಿನಗಳು ಬೇರೆ. "ಪೆದ್ದಮ್ಮ, ಮಾ ಇಂಟ್ಲೋ, ನಮ್ಮನೇಲಿ ಯಾರು ಸತ್ತಿದ್ದಾರೆ ಅಂತ ಇದನ್ನ ತಂದಿದ್ದೀರಿ?" ಎಂದಳು. ಧ್ವನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗುವುದೇ ಆಯಿತು ಅಂದುಕೊಂಡೆ.

ದೊಡ್ಡಮ್ಮ ಪೆಚ್ಚಾದರು. ಅವರಿಗೆ ಆಗಲೇ ಗೊತ್ತಾದದ್ದು, ತಾವು ಏನು ಹೊತ್ತು ತಂದಿದ್ದೇವೆ ಎಂದು. "ಯಾರೂ ಸತ್ತಿಲ್ಲ ಕಣವ್ವ, ಚೆನ್ನಾಗಿರ್ರಿ. ನಿಮಗೆ ದುಃಖ ಆಗೈತೆ ಅಂತ ಬಂದೆ. ದುಃಖದ ಮನೆಗೆ ಬೇರೆ ಅಡಿಗೆ ನಂಗೆ ಬರಲ್ಲ" ಎಂದರು. ಹೇಳುತ್ತಲೇ ಕಣ್ಣೊರೆಸಿಕೊಂಡರು.

ಪದ್ಮ ಒಲೆ ಹಚ್ಚಿದಳು. ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿ ಹಾಕಿ, ಚಟಪಟ ಅನ್ನುವಾಗ ತಂದು ಆ ಸಾರಿಗೆ ಸುರಿದಳು. ಮನೆಯೆಲ್ಲ ಘಮ್ಮೆಂದಿತು. ಗೋಡೆಗೆ ಒರಗಿದ್ದ ಸಲೋಮಿ ಸೀನಿದಳು. ಒಗ್ಗರಣೆಯ ಘಾಟಿಗೆ ನಾವೆಲ್ಲ ಸೀನಿದೆವು, ಸೀನುತ್ತ ಸೀನುತ್ತ ಯಾರು ಮೊದಲು ನಕ್ಕರೋ ಗೊತ್ತಿಲ್ಲ.

ಊಟಕ್ಕೆ ಕೂತೆವು. ಪದ್ಮ ನನಗೆ ಹೋಳಿಗೆ ಬಡಿಸಿದಳು, ಸಲೋಮಿಗೆ ಬಡಿಸಿದಳು, ದೊಡ್ಡಮ್ಮನ ತಟ್ಟೆಯ ಹತ್ತಿರ ಬಂದು ಕೈ ತಡೆದಳು. ಅದು ಯಾವುದಕ್ಕೆ ಮಾಡಿದ ಹೋಳಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಲೋಮಿ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. ಆಡಿ ಬೆಳೆದ ಮನೆ ತನಗೆ ಇನ್ನು ಉಂಟೋ ಇಲ್ಲವೋ ಎಂದು ಆ ಕ್ಷಣ ಅವಳು ತೂಗುತ್ತಿದ್ದುದು ನನಗೂ ಕಾಣುತ್ತಿತ್ತು.

"ನೋಡು ಸಲೋಮಿ, ನಾನು ಓದೋ ವೇದದಾಗೆ ಇದು ಮದ್ವೆ ಅಲ್ಲ. ಕಾನೂನು ಬಂದಿದ್ರೂ ನಂಗೆ ಅಲ್ಲ. ಸುಳ್ಳು ಹೇಳಿ ನಿನ್ನ ಅನ್ನ ಉಣ್ಣಲ್ಲ" ಎಂದರು ದೊಡ್ಡಮ್ಮ. ಆಮೇಲೆ ತಟ್ಟೆ ಮುಂದೆ ಸರಿಸಿದರು. "ಹಸಿವಾಗೈತೆ. ಹಾಕವ್ವ ಪದ್ಮ. ತುಪ್ಪ ಇದ್ರೆ ಅದನ್ನೂ ಹಾಕು."

ಎರಡು ಹೋಳಿಗೆ ತಿಂದರು. ಸಕ್ಕರೆ ಕಾಯಿಲೆಯವರು ಒಂದೇ ಸಾಕು ಎಂದು ಸಲೋಮಿ ನರ್ಸಿನ ಧ್ವನಿಯಲ್ಲಿ ಗದರಿದಳು. ಇನ್ನೊಂದಕ್ಕೆ ಕೈ ಚಾಚಿದ ಅವರ ಮಣಿಕಟ್ಟನ್ನು ಹಿಡಿದುಕೊಂಡಳು. ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಎದ್ದು ಹೋದೆ.

ಇದನ್ನು ಅವರು ಮುಚ್ಚಿಡಲಿಲ್ಲ. ಮುಂದಿನ ಶುಕ್ರವಾರ ತಾವೇ ಎಲ್ಲರ ಮುಂದೆ, ಹೋಗಿದ್ದೆ, ಉಂಡೆ ಎಂದರು. ಪಾದ್ರಿಗಳು ವಯಸ್ಸಿನಲ್ಲಿ ಚಿಕ್ಕವರು, ಅವರಿಗೆ ಇಕ್ಕಟ್ಟು. ಒಳ್ಳೆಯ ಮಾತಿನಲ್ಲೇ ಕೇಳಿದರು, ನೀವು ಅದನ್ನು ಒಪ್ಪುತ್ತೀರಾ ಅಮ್ಮ ಎಂದು. ಇಲ್ಲ ಎಂದರು ದೊಡ್ಡಮ್ಮ. ಮತ್ತೆ ಯಾಕೆ ಉಂಡಿರಿ ಎಂದರು. ಯೇಸುಸ್ವಾಮಿ ಜನರನ್ನು ಸುಲಿಯುತ್ತಿದ್ದ ಸುಂಕದವ ಜಕ್ಕಾಯನ ಮನೆಯಲ್ಲಿ ಉಂಡದ್ದು ಸುಂಕ ಒಪ್ಪಿಯಾ ಎಂದು ಇವರು ಮರುಪ್ರಶ್ನೆ ಹಾಕಿದರು. ಸಭೆಯಲ್ಲಿ ಕೆಲವರು ತಲೆಯಾಡಿಸಿದರು, ಕೆಲವರು ಮುಖ ತಿರುಗಿಸಿದರು. ಆ ಮಾತು ಸಲೋಮಿಗೆ ತಲುಪಿದಾಗ ಅವಳಿಗೂ ಅದು ಸೇರಲಿಲ್ಲ. ನಾನೇನು ಸುಂಕದವಳಾ, ಯಾರಿಂದ ಏನು ಕಿತ್ತುಕೊಂಡಿದ್ದೇನೆ ಎಂದು ಜಗಳ ತೆಗೆದಳು. ಅವಳು ಹೇಳಿದ್ದರಲ್ಲೂ ನ್ಯಾಯವಿದೆ ಎಂದು ನನಗನ್ನಿಸಿತು. ಇಬ್ಬರೂ ಆ ವಿಷಯದಲ್ಲಿ ಕೊನೆಯ ತನಕ ಜಗಳವಾಡಿದರು, ಪ್ರತಿ ಸಲವೂ ಊಟದ ಮುಂಚೆ ಶುರು, ಊಟದ ಹೊತ್ತಿಗೆ ನಿಲುಗಡೆ.

ಮಹಿಳಾ ಸಂಘದ ಅಧ್ಯಕ್ಷೆ ಸ್ಥಾನ ಬಿಟ್ಟುಕೊಟ್ಟರೆ ಒಳ್ಳೆಯದು ಎಂದು ಹಿರಿಯರು ಸೂಚಿಸಿದರು. ಬಿಟ್ಟುಕೊಟ್ಟರು. ಆಮೇಲೆ ಮದುವೆ ಗೊತ್ತಾದ ಹುಡುಗಿಯರನ್ನೂ ಅವರ ಮನೆಗೆ ಕಳಿಸುವುದು ನಿಂತಿತು. ಏನೂ ಆಗುವುದಿಲ್ಲ, ನನಗೂ ವಯಸ್ಸಾಯಿತು ಎಂದು ಹೇಳಿಕೊಂಡು ತಿರುಗಿದರು. ಒಂದು ಭಾನುವಾರ ಯಾರದೋ ಮೊದಲ ಪ್ರಕಟಣೆ ಓದಿದ ಮಧ್ಯಾಹ್ನ ನಾನು ಹೋದಾಗ ಮೊರ ಮುಂದಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅವತ್ತು ಅತ್ತರು. ಸಭೆಯನ್ನು ಅವರು ಮನೆಯೆಂದೇ ನಂಬಿದ್ದರು. ಒಂದು ಮನೆಯ ಬಾಗಿಲು ತೆಗೆಸಲು ಹೋಗಿ ಇನ್ನೊಂದರ ಬಾಗಿಲು ಅರ್ಧ ಮುಚ್ಚಿಸಿಕೊಂಡರು. ನನಗೆ ಹಿರಿಯರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ದೊಡ್ಡಮ್ಮ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಖಜಾಂಚಿಯ ಮೊಮ್ಮಗನಿಗೆ ಡೆಂಗ್ಯೂ ಆದಾಗ ಗಂಜಿ ಮಾಡಿಕೊಂಡು ಹೋದವರೂ ಅವರೇ. ಹಿಂದಿರುಗುವಾಗ ಖಜಾಂಚಿ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟರು. ಇಬ್ಬರೂ ಏನು ಮಾತಾಡಿದರೋ ತಿಳಿಯದು.

ಈ ಬೇಸಿಗೆಯಲ್ಲಿ ದೊಡ್ಡಮ್ಮನ ಹೃದಯ ಸೋತಿತು. ಮೆಟ್ಟಿಲು ಹತ್ತಿದರೆ ಏದುಸಿರು. ಸಲೋಮಿ ಬಂದು ಮೊಳಕಾಲ್ಮುರಿಗೆ ಕರೆದುಕೊಂಡು ಹೋದಳು. ಆ ಮನೆಗಾ ಎಂದು ಸಭೆಯಲ್ಲಿ ಒಂದಿಬ್ಬರು ಹುಬ್ಬೇರಿಸಿದರು. ನನ್ನ ಮಗಳ ಮನೆ ಬಿಟ್ಟು ಇನ್ನೆಲ್ಲಿಗೆ ಹೋಗಲಿ ಎಂದು ದೊಡ್ಡಮ್ಮ ಕೇಳಿದರಂತೆ. ಮಗಳು ಎಂದು ಅವರು ಅಲ್ಲಿಯ ತನಕ ಯಾರ ಮುಂದೆಯೂ ಹೇಳಿದವರಲ್ಲ, ತಂಗಿಯ ಮಗಳು ಎಂದೇ ಹೇಳುತ್ತಿದ್ದರು.

ನಾನು ನೋಡಲು ಹೋದದ್ದು ಒಂದು ಮಧ್ಯಾಹ್ನ. ಸಲೋಮಿ ಡ್ಯೂಟಿಗೆ ಹೋಗಿದ್ದಳು. ಪದ್ಮ ಮಗ್ಗ ನಿಲ್ಲಿಸಿ ಬಂದು, ದೊಡ್ಡಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ ತಲೆ ಬಾಚುತ್ತಿದ್ದಳು. ಕೂದಲು ಉದುರಿ ಇಲಿಬಾಲದಷ್ಟು ಉಳಿದಿತ್ತು. ಅದನ್ನೇ ಅವಳು ಬಹಳ ಅಕ್ಕರೆಯಿಂದ ಹೆಣೆಯುತ್ತಿದ್ದಳು. ನಾನು ಊರಿನ ಸುದ್ದಿ ಹೇಳಿದೆ, ಯಾರ ಮದುವೆ, ಯಾರ ಮಗು. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮಾತು ನಿಂತಾಗ ಪದ್ಮ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ, ಹಿಂದಿನಿಂದಲೇ ಕೇಳಿದಳು:

"ಪೆದ್ದಮ್ಮ, ಈಗ್ಲಾದ್ರೂ ನಮ್ಮನ್ನ ಒಪ್ಕೊಂಡ್ರಾ?"

ಹೌದು ಅನ್ನಲಿ ದೇವರೇ ಎಂದು ನಾನು ಬೇಡಿಕೊಂಡೆ. ಹೋಗುವ ಜೀವ, ಒಂದು ಮಾತು ಹೇಳಿದರೆ ಏನು ನಷ್ಟ. ಆದರೆ ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಇಲ್ಲ ಕಣವ್ವ, ಒಪ್ಪಿಲ್ಲ" ಎಂದರು. ಪದ್ಮಳ ಕೈ ನಿಂತಿತು. ದೊಡ್ಡಮ್ಮ ಏದುಸಿರು ಬಿಡುತ್ತಲೇ ತಲೆಯ ಹಿಂದಕ್ಕೆ ಕೈ ಹಾಕಿ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡರು. "ಒಪ್ಪೋ ತನಕ ಕಾಯ್ತಾ ಕುಂತಿದ್ರೆ, ನೀನು ನಂಗೆ ಎಲ್ಲಿ ಸಿಗ್ತಿದ್ದೆ?"

ಆಮೇಲೆ, ಜಡೆ ಬಿಗಿಯಾಗಿದೆ, ಬಿಚ್ಚಿ ಸಡಿಲವಾಗಿ ಹಾಕು ಎಂದು ಅವಳನ್ನು ಬೈದರು.